ಐದು ನಿಮಿಷದ ಅಂಗಡಿ: ಕೆ-ಟೆಲ್ ಕಂಪನಿಯ ಏಳುಬೀಳು

ಕೆನಡಾದ ವಿನಿಪೆಗ್ ನಗರದಲ್ಲಿ 1962ರಲ್ಲಿ ಫಿಲಿಪ್ ಕೀವಿಸ್ ಎಂಬ ಸೇಲ್ಸ್‌ಮನ್ ಟಿವಿ ಕ್ಯಾಮೆರಾದ ಮುಂದೆ ನಿಂತು ಐದು ನಿಮಿಷ ಒಂದು ಬಾಣಲೆ ಮಾರಿದರು. ಅದು ನೇರ ಪ್ರಸಾರ. ತಪ್ಪಿದರೆ ಮತ್ತೆ ಚಿತ್ರೀಕರಿಸುವ ಅವಕಾಶವಿರಲಿಲ್ಲ. ಬಾಣಲೆಗೆ ಟೆಫ್ಲಾನ್ ಲೇಪನವಿತ್ತು. ಡ್ಯೂಪಾಂಟ್ ಪ್ರಯೋಗಾಲಯದಲ್ಲಿ 1938ರಲ್ಲೇ ಕಣ್ಣಿಗೆ ಬಿದ್ದಿದ್ದ ಈ ವಸ್ತು ಉತ್ತರ ಅಮೆರಿಕದ ಅಡುಗೆಮನೆಗಳಿಗೆ ಕಾಲಿಟ್ಟು ಆಗ ಒಂದೆರಡು ವರ್ಷವಾಗಿತ್ತು, ಅಷ್ಟೇ. ಎಣ್ಣೆಯಿಲ್ಲದೆ ಮೊಟ್ಟೆ ಹುರಿದು, ಅದು ಜಾರಿ ತಟ್ಟೆಗೆ ಬೀಳುವುದನ್ನು ಜನ ಕಣ್ಣಾರೆ ನೋಡಿದರೆ ಮಾತೇ ಬೇಕಿಲ್ಲ. ಬಾಣಲೆ ಬಿಸಿ ದೋಸೆಯಂತೆ ಖಾಲಿಯಾಯಿತು. ತೊಂದರೆ ಒಂದೇ: ಟೆಫ್ಲಾನ್‌ಗೆ ಮೊಟ್ಟೆ ಅಂಟಲಿಲ್ಲ ನಿಜ, ಆದರೆ ಟೆಫ್ಲಾನ್ ಕೂಡ ಬಾಣಲೆಗೆ ಸರಿಯಾಗಿ ಅಂಟಿರಲಿಲ್ಲ.

ಈ ಕಥೆಯನ್ನು ಕೀವಿಸ್ ತಾವೇ ನಗುತ್ತ ಹೇಳಿಕೊಳ್ಳುತ್ತಿದ್ದರು. ಟಿವಿಯ ಮೊದಲ ‘ಇನ್ಫೋಮರ್ಶಿಯಲ್’, ಅಂದರೆ ಕಾರ್ಯಕ್ರಮದಂತೆ ಸಾಗುವ ಉದ್ದನೆಯ ಜಾಹೀರಾತು, ಇದೇ ಎಂದು ಹಲವರು ಬರೆದಿದ್ದಾರೆ. ಇಂಥ ‘ಮೊದಲು’ಗಳಿಗೆ ಹಕ್ಕುದಾರರು ಯಾವಾಗಲೂ ಒಬ್ಬರಿಗಿಂತ ಹೆಚ್ಚು, ಹಾಗಾಗಿ ಆ ಪಟ್ಟವನ್ನು ಪಕ್ಕಕ್ಕಿಡೋಣ. ನನಗೆ ಮುಖ್ಯವೆನಿಸುವುದು ಬೇರೆ. ಆ ಐದು ನಿಮಿಷದಿಂದ ಹುಟ್ಟಿದ ಕೆ-ಟೆಲ್ ಕಂಪನಿ ಮಾರಿದ್ದು ಚಾಕು, ತರಕಾರಿ ಹೆಚ್ಚುವ ಯಂತ್ರ, ಬಟ್ಟೆಯ ಬ್ರಷ್ಷು, ಗ್ರಾಮಫೋನ್ ರೆಕಾರ್ಡು. ಆದರೆ ಅದರ ಕಸುಬು ಇದಾವುದೂ ಅಲ್ಲ. ಹಾಕಿದ ದುಡ್ಡನ್ನು ಆದಷ್ಟು ಬೇಗ ತಿರುಗಿ ತರಿಸಿಕೊಳ್ಳುವುದು ಅದರ ಕಸುಬು. ಅದು ಗೆದ್ದ ಕಡೆ, ಬಿದ್ದ ಕಡೆ ಎರಡನ್ನೂ ಇದೇ ಅಳತೆಗೋಲಿನಿಂದ ನೋಡಬಹುದು.

ಬೋರ್ಡ್‌ವಾಕ್‌ನಿಂದ ಪರದೆಗೆ

ಕೀವಿಸ್ ಹುಟ್ಟಿದ್ದು 1929ರಲ್ಲಿ, ಸಸ್ಕ್ಯಾಚೆವಾನ್ ಪ್ರಾಂತ್ಯದ ಊಂಗ್ರೆ ಎಂಬ ಸಣ್ಣ ಊರಿನ ಬಳಿಯ ಯಹೂದಿ ಕೃಷಿ ನೆಲೆಯಲ್ಲಿ. ತಂದೆತಾಯಿ ಟರ್ಕಿಯಿಂದ ವಲಸೆ ಬಂದವರು. 1930ರ ದಶಕದ ಬರ, ಧೂಳಿನ ಬಿರುಗಾಳಿ, ಮಹಾ ಆರ್ಥಿಕ ಕುಸಿತ ಮೂರೂ ಒಟ್ಟಿಗೆ ಆ ಬಯಲಿನ ರೈತರ ಮೇಲೆ ಬಿದ್ದಿದ್ದವು. ಎಂಟು ವರ್ಷದ ಹುಡುಗ ಬೋನಿಟ್ಟು ಪ್ರಾಣಿ ಹಿಡಿದು ತುಪ್ಪಳ ಮಾರುತ್ತಿದ್ದ, ಜೊತೆಯ ಹುಡುಗರು ಹಿಡಿದದ್ದನ್ನೂ ತಾನೇ ಕೊಂಡು ಮುಂದೆ ಮಾರುತ್ತಿದ್ದ. 1957ರಲ್ಲಿ ವಿನಿಪೆಗ್ ಸೇರಿ ಟ್ಯಾಕ್ಸಿ ಓಡಿಸಿದರು, ಹೋಟೆಲಿನಲ್ಲಿ ಅಡುಗೆ ಮಾಡಿದರು. ಆಮೇಲೆ ಪಾತ್ರೆ, ಹೊಲಿಗೆ ಯಂತ್ರ, ವ್ಯಾಕ್ಯೂಮ್ ಕ್ಲೀನರ್ ಹೊತ್ತು ಮನೆಮನೆ ಬಾಗಿಲು ತಟ್ಟಿದರು.

ಅಲ್ಲಿಂದ ಅಮೆರಿಕದ ಅಟ್ಲಾಂಟಿಕ್ ಸಿಟಿಗೆ. ಅಲ್ಲಿನ ಬೋರ್ಡ್‌ವಾಕ್, ಅಂದರೆ ಸಮುದ್ರ ದಂಡೆಯ ಹಲಗೆ ಹಾಸಿದ ಕಾಲುದಾರಿ, ಆ ಕಾಲದ ಡೆಮೊ ಮಾರಾಟಗಾರರ ಗರಡಿಮನೆ. ನಡೆದು ಹೋಗುವವನನ್ನು ನಿಲ್ಲಿಸಬೇಕು, ನಿಂತವನು ಕದಲದಂತೆ ಕೈಚಳಕ ತೋರಿಸಬೇಕು, ಗುಂಪು ಕಟ್ಟಬೇಕು, ಅವರ ಕೈ ಜೇಬಿಗೆ ಹೋಗುವ ಸರಿಯಾದ ಗಳಿಗೆಯಲ್ಲಿ ಬೆಲೆ ಹೇಳಬೇಕು. ಬೆಲೆಯನ್ನು ಮೊದಲೇ ಹೇಳಿದರೆ ಗುಂಪು ಚದುರುತ್ತದೆ, ತಡ ಮಾಡಿದರೂ ಚದುರುತ್ತದೆ. ‘ನಿಲ್ಲಿ, ಇನ್ನೂ ಇದೆ’ ಎಂಬ ಟಿವಿ ಜಾಹೀರಾತಿನ ಮಾತು ಈ ಗುಂಪು ಕಾಯುವ ವಿದ್ಯೆಯ ಕೂಸು. ಹೊರಡಲು ಹೆಜ್ಜೆ ಎತ್ತಿದವನನ್ನು ಇನ್ನೊಂದು ಕ್ಷಣ ಹಿಡಿದಿಡುವುದಷ್ಟೇ ಅದರ ಕೆಲಸ. 1962ರಲ್ಲಿ ಕೀವಿಸ್ ಮಾಡಿದ್ದು ಈ ಬೋರ್ಡ್‌ವಾಕ್ ಮಾತುಗಾರಿಕೆಯನ್ನು ಹಾಗೇ ಎತ್ತಿ ಟಿವಿಯೊಳಗೆ ಇಟ್ಟದ್ದು. ಬೋರ್ಡ್‌ವಾಕ್‌ನಲ್ಲಿ ಗುಂಪೆಂದರೆ ಮೂವತ್ತು ನಲವತ್ತು ಜನ. ಟಿವಿಯಲ್ಲಿ ಇಡೀ ಊರೇ ಗುಂಪು.

ಬಾಣಲೆಯ ನಂತರ ಅಡುಗೆಮನೆಯ ಸಾಧನ ತಯಾರಿಸುತ್ತಿದ್ದ ಷಿಕಾಗೋದ ಪೋಪೀಲ್ ಕುಟುಂಬದಿಂದ ಸರಕು ತರಿಸಿದರು: ತರಕಾರಿ ಹೆಚ್ಚುವ ವೆಜ್-ಒ-ಮ್ಯಾಟಿಕ್, ಡಯಲ್-ಒ-ಮ್ಯಾಟಿಕ್, ಫೆದರ್ ಟಚ್ ಎಂಬ ಚಾಕು. 1965ರಲ್ಲಿ ಚಾಕು ಹಿಡಿದು ಆಸ್ಟ್ರೇಲಿಯಾಕ್ಕೆ ಹೋದರು. ಕೀವಿಸ್ ಹೇಳಿದ ಪ್ರಕಾರ ಆಗಸ್ಟಿನಲ್ಲಿ ಇಳಿದವರು ಕ್ರಿಸ್‌ಮಸ್ ಹೊತ್ತಿಗೆ ಹತ್ತು ಲಕ್ಷ ಚಾಕು ಮಾರಿದ್ದರು, ಚಾಕುವೊಂದಕ್ಕೆ ಒಂದು ಡಾಲರ್ ಉಳಿದಿತ್ತು. ಮಾರಾಟಗಾರರ ಲೆಕ್ಕವನ್ನು ತುಸು ಅನುಮಾನದಿಂದಲೇ ಕೇಳಬೇಕು. ಆದರೂ ನಾಲ್ಕೇ ತಿಂಗಳು ಎಂಬುದನ್ನು ಗಮನಿಸಿ.

ಮಾರಿ ಹೋಗದ ನಿಮಿಷಗಳು

ಈ ವ್ಯಾಪಾರದ ಲೆಕ್ಕ ಬಿಡಿಸದೆ ಮುಂದೆ ಹೋಗುವಂತಿಲ್ಲ. ಟಿವಿ ಕೇಂದ್ರವೂ ಒಂದು ಅಂಗಡಿಯೇ. ಅದು ಮಾರುವುದು ಸಮಯವನ್ನು. ಆ ಸರಕಿಗೆ ಗೋದಾಮಿಲ್ಲ. ಇಂದು ರಾತ್ರಿ ಹನ್ನೊಂದೂಕಾಲಿನ ಒಂದು ನಿಮಿಷ ಮಾರಿ ಹೋಗದಿದ್ದರೆ ನಾಳೆ ಅದನ್ನು ಮಾರಲಾಗದು. ಸೋಪು, ಕಾರು, ಬಿಯರ್ ಕಂಪನಿಗಳು ಒಳ್ಳೆಯ ಹೊತ್ತನ್ನು ವರ್ಷ ಮುಂಚೆಯೇ ಕೊಂಡುಬಿಡುತ್ತವೆ. ತಡರಾತ್ರಿ, ಮಧ್ಯಾಹ್ನ, ಹಳೇ ಸಿನಿಮಾಗಳ ನಡುವಿನ ಹೊತ್ತು, ಸಣ್ಣ ಊರಿನ ಕೇಂದ್ರಗಳ ಖಾಲಿ ಸ್ಲಾಟುಗಳು ಉಳಿಯುತ್ತವೆ. ಕೇಂದ್ರಕ್ಕೆ ಸೊನ್ನೆಗಿಂತ ಏನು ಬಂದರೂ ಲಾಭವೇ. ಕೆಲವು ಕೇಂದ್ರಗಳು ದುಡ್ಡನ್ನೇ ಕೇಳದೆ, ಬಂದ ಪ್ರತಿ ಆರ್ಡರಿನಲ್ಲಿ ಪಾಲು ಕೊಟ್ಟರೆ ಸಾಕು ಎಂದು ಒಪ್ಪುವುದೂ ಈ ಕಸುಬಿನಲ್ಲಿ ಉಂಟು.

ಕೊಳ್ಳುವವನ ಕಡೆಯಿಂದ ಹೀಗೆ ಲೆಕ್ಕ ಹಾಕಿ. ಒಂದು ಊರಿನಲ್ಲಿ ಸಾವಿರ ಡಾಲರ್ ಜಾಹೀರಾತಿಗೆ ಹಾಕಿದಿರಿ ಎಂದಿಟ್ಟುಕೊಳ್ಳಿ. ವಸ್ತುವಿನ ಖರ್ಚು, ಅಂಗಡಿಯವನ ಪಾಲು ಕಳೆದು ಒಂದಕ್ಕೆ ಎರಡು ಡಾಲರ್ ಉಳಿಯುತ್ತದೆ. ಐನೂರು ಹೋದರೆ ಅಸಲು ಬಂತು. ಎಂಟುನೂರು ಹೋದರೆ ಬಂದ ದುಡ್ಡನ್ನೇ ಮುಂದಿನ ಊರಿಗೆ ಸುರಿಯಿರಿ. ಮುನ್ನೂರಕ್ಕೆ ನಿಂತರೆ ಜಾಹೀರಾತು ನಿಲ್ಲಿಸಿ, ಸರಕು ವಾಪಸ್ ತರಿಸಿ, ಬೇರೆ ವಸ್ತು ಹುಡುಕಿ. ಮಾರುಕಟ್ಟೆ ಸಮೀಕ್ಷೆಯ ಗೊಡವೆಯಿಲ್ಲ. ಸೋಪಿನ ಕಂಪನಿಗೆ ತನ್ನ ಜಾಹೀರಾತಿನಿಂದ ಎಷ್ಟು ಸೋಪು ಖರ್ಚಾಯಿತು ಎಂಬುದು ಕೊನೆಗೂ ಅಂದಾಜೇ. ಇಲ್ಲಿ ಅದು ವಾರದ ಕೊನೆಗೆ ಎಣಿಸಿ ಹೇಳಬಹುದಾದ ಅಂಕಿ.

ಅಂಚೆಯಲ್ಲಿ ತರಿಸಿಕೊಳ್ಳಿ ಎನ್ನುವ ಅಪ್ಪಟ ಡೈರೆಕ್ಟ್ ರೆಸ್ಪಾನ್ಸ್ ಕಂಪನಿಗಳಿಗೂ ಕೆ-ಟೆಲ್‌ಗೂ ಒಂದು ವ್ಯತ್ಯಾಸವಿತ್ತು. ಕೆ-ಟೆಲ್ ಹೆಚ್ಚಾಗಿ ಅಂಗಡಿಗಳ ಮೂಲಕವೇ ಮಾರುತ್ತಿತ್ತು. ಜಾಹೀರಾತಿನ ಕೊನೆಗೆ ಯಾವ ಮಳಿಗೆಯಲ್ಲಿ ಸಿಗುತ್ತದೆ ಎಂದು ಹೆಸರು ಬರುತ್ತಿತ್ತು. ಆದರೆ ಕೊಳ್ಳುವ ಆಸೆ ಹುಟ್ಟುತ್ತಿದ್ದುದು ಪರದೆಯ ಮುಂದೆ. ಅಂಗಡಿಯವನದು ಎತ್ತಿ ಕೊಡುವ ಕೆಲಸ ಮಾತ್ರ.

ಬ್ರಷ್ಷಿನಿಂದ ರೆಕಾರ್ಡಿಗೆ

1960ರ ದಶಕದ ನಡುವಿಗೆ ಪೋಪೀಲ್‌ಗಳ ಸರಕು ನಿಂತುಹೋಯಿತು. ಟಿವಿಯಲ್ಲಿ ಇಷ್ಟು ಲಾಭವಿದೆಯೆಂದು ತಿಳಿದ ಮೇಲೆ ಸರಕು ಮಾಡುವವರೇ ಮಾರಲು ಇಳಿಯುವುದು ಸಹಜ. ಆ ಮನೆಯ ಮಗ ರಾನ್ ಪೋಪೀಲ್ 1964ರಲ್ಲಿ ರಾಂಕೋ ಎಂಬ ಕಂಪನಿ ತೆರೆದಾಗಿತ್ತು. ಕೀವಿಸ್‌ಗೆ ತಮ್ಮದೇ ಸರಕು ಬೇಕಾಯಿತು. ಬಟ್ಟೆಗೆ ಅಂಟಿದ ಕೂದಲು, ನೂಲಿನ ಎಳೆ ತೆಗೆಯುವ ಮಿರಾಕಲ್ ಬ್ರಷ್ ಬಂತು. ಅದು 2 ಕೋಟಿ 80 ಲಕ್ಷ ಮಾರಾಟವಾಯಿತೆಂದು ಕಂಪನಿಯ ಲೆಕ್ಕ. 1968ರಲ್ಲಿ ಕೆ-ಟೆಲ್ ಇಂಟರ್‌ನ್ಯಾಷನಲ್ ಎಂಬ ಹೆಸರು ಅಧಿಕೃತವಾಯಿತು. ಕೀವಿಸ್‌ನ ‘ಕೆ’, ಟೆಲಿವಿಷನ್‌ನ ‘ಟೆಲ್’.

ಅದಕ್ಕೂ ಮೊದಲೇ, 1966ರಲ್ಲಿ, ಕೀವಿಸ್ ಒಂದು ವಿಚಿತ್ರ ಪ್ರಯೋಗ ಮಾಡಿದ್ದರು. ಬೇರೆ ಬೇರೆ ಕಂಪನಿಗಳ 25 ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಧಾಟಿಯ) ಗಾಯಕರ ಹಾಡುಗಳನ್ನು ಲೈಸೆನ್ಸ್ ಮೇಲೆ ತಂದು ಒಂದೇ ಎಲ್‌ಪಿಯಲ್ಲಿ, ಅಂದರೆ ದೊಡ್ಡ ಗ್ರಾಮಫೋನ್ ತಟ್ಟೆಯಲ್ಲಿ, ತುಂಬಿ, ಚಾಕು ಮಾರಿದ ಹಾಗೇ ಟಿವಿಯಲ್ಲಿ ಮಾರಿದರು. 1,80,000 ಪ್ರತಿ ಹೋಯಿತು. ಎರಡನೆಯದು ಪೋಲ್ಕಾ ಹಾಡುಗಳದ್ದು. ಮಧ್ಯ ಯುರೋಪಿನಿಂದ ವಲಸೆ ಬಂದವರ ಈ ಕುಣಿತದ ಸಂಗೀತಕ್ಕೆ ದೊಡ್ಡ ಕಂಪನಿಗಳು ಸೊಪ್ಪು ಹಾಕುತ್ತಿರಲಿಲ್ಲ. ಅದು ಅಮೆರಿಕದಲ್ಲಿ 15 ಲಕ್ಷ ದಾಟಿತೆನ್ನುತ್ತಾರೆ.

ರೆಕಾರ್ಡು ಏಕೆ ಇಷ್ಟು ಒಳ್ಳೆಯ ಸರಕಾಯಿತು? ಚಾಕುವಿಗೆ ಡೆಮೊ ಬೇಕು, ಹಾಡಿಗೆ ಬೇಡ. ಆರೆಂಟು ಸೆಕೆಂಡು ಪಲ್ಲವಿ ಕೇಳಿಸಿದರೆ ಸಾಕು, ಉಳಿದದ್ದನ್ನು ಕೇಳುಗನ ನೆನಪೇ ಹಾಡುತ್ತದೆ. ಅವನಿಗೆ ಮೊದಲೇ ಇಷ್ಟವಾದದ್ದನ್ನೇ ಅವನಿಗೆ ಮಾರುತ್ತಿದ್ದೀರಿ. ಆ ಇಷ್ಟ ಹುಟ್ಟಿಸಲು ರೇಡಿಯೋ ಆಗಲೇ ದುಡಿದಿದೆ, ಖರ್ಚನ್ನು ಬೇರೆ ಕಂಪನಿ ಕೊಟ್ಟಿದೆ. ಒಂದು ಹಾಡಿಗಾಗಿ ಇಡೀ ಎಲ್‌ಪಿ ಕೊಳ್ಳಬೇಕಿದ್ದ ಗಿರಾಕಿಗೆ ಇಪ್ಪತ್ತು ಹಾಡು ಒಂದೇ ಬೆಲೆಗೆ ಸಿಕ್ಕರೆ ಯಾಕೆ ಬೇಡ? ಮೂಲ ಕಂಪನಿಗಳೂ ಆಗ ಸಲೀಸಾಗಿ ಒಪ್ಪಿದವು. ಅವರ ಕಣ್ಣಿಗೆ ಹಳೆಯ ಹಿಟ್ ಹಾಡೆಂದರೆ ರಸ ಹೀರಿದ ಕಬ್ಬಿನ ಸಿಪ್ಪೆ. ಅದಕ್ಕೂ ಪ್ರತಿಗಿಷ್ಟು ರಾಯಲ್ಟಿ ಕೊಡುವವನು ಬಂದರೆ ಬಿಡುವುದುಂಟೇ?

ಆಗಿನ ಅಗ್ಗದ ಸಂಕಲನಗಳಲ್ಲಿ ಬಹಳಷ್ಟು ನಕಲಿ ಕಂಠದವು. ಸ್ಟುಡಿಯೋದ ಯಾರೋ ಗಾಯಕರು ಹಿಟ್ ಹಾಡಿನ ಧಾಟಿಯಲ್ಲಿ ಹಾಡಿ ಮುಗಿಸುತ್ತಿದ್ದರು. ಕೆ-ಟೆಲ್ ತನ್ನ ರೆಕಾರ್ಡುಗಳ ಲಕೋಟೆಯ ಮೇಲೆ ‘ಮೂಲ ಹಾಡುಗಳು, ಮೂಲ ತಾರೆಯರು’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿತು. ಈ ಮಾತನ್ನು ನೆನಪಿಡಿ, ಕೊನೆಗೆ ಬೇಕಾಗುತ್ತದೆ.

ಹಾಡುಗಳನ್ನು ತುಂಬಿದ ರೀತಿಯಂತೂ ತಮಾಷೆ. 12 ಇಂಚಿನ ಎಲ್‌ಪಿಯ ಒಂದು ಬದಿಯಲ್ಲಿ ಒಳ್ಳೆಯ ಗುಣಮಟ್ಟಕ್ಕೆ ಸುಮಾರು 20ರಿಂದ 22 ನಿಮಿಷ. ಮೂರು ನಿಮಿಷದ ಇಪ್ಪತ್ತು ಹಾಡೆಂದರೆ ಒಂದು ಗಂಟೆ. ಎರಡೂ ಬದಿ ಸೇರಿದರೆ ಇರುವುದು ಮುಕ್ಕಾಲು ಗಂಟೆಗೂ ಕಡಿಮೆ ಜಾಗ. ಹಾಗಾಗಿ ಚರಣ ಹಾರಿಸು, ಗಿಟಾರ್ ನುಡಿಸುವ ಭಾಗ ಕತ್ತರಿಸು, ಕೊನೆಯನ್ನು ಬೇಗ ಮಸುಕಾಗಿಸು. ಆಮೇಲೂ ಉಳಿದದ್ದನ್ನು ತುರುಕಲು ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕು. ದನಿ ಜೋರಾದಷ್ಟೂ, ಮಂದ್ರ ಸ್ವರ ಗಟ್ಟಿಯಾದಷ್ಟೂ ಮುಳ್ಳು ಓಡುವ ಗೆರೆ ಅಗಲ ಬೇಡುತ್ತದೆ. ಅದಕ್ಕೆ ಎರಡನ್ನೂ ತಗ್ಗಿಸಿದರು. ಕೆ-ಟೆಲ್ ರೆಕಾರ್ಡು ಮೆಲ್ಲಗೆ, ಪೇಲವವಾಗಿ ಕೇಳುತ್ತಿದ್ದುದು ಇದರಿಂದ. ಕೊಂಡ ಹದಿಹರೆಯದವರು ತಲೆ ಕೆಡಿಸಿಕೊಂಡಂತಿಲ್ಲ. 1972ರಲ್ಲಿ ಕೆ-ಟೆಲ್‌ನ 20 ಹಾಡುಗಳ ಸಂಕಲನವೊಂದು ಬ್ರಿಟನ್ನಿನ ಆಲ್ಬಂ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ರೆಕಾರ್ಡ್ ಅಂಗಡಿಯ ಪಂಡಿತರಿಗೆ ಇದು ನುಂಗಲಾರದ ತುತ್ತು.

ಎಣ್ಣೆ, ಜಮೀನು, ಬಡ್ಡಿ

ಕೆ-ಟೆಲ್ ಮುಳುಗಿದ್ದೇಕೆ ಎಂದು ಕೇಳಿದರೆ, ಜನರ ರುಚಿ ಬದಲಾಯಿತು, ಅಗ್ಗದ ಸರಕಿನ ಮೋಹ ತೀರಿತು ಎನ್ನುವವರಿದ್ದಾರೆ. ನನಗೆ ಈ ವಿವರಣೆ ಒಪ್ಪಿಗೆಯಿಲ್ಲ. 1981ರಲ್ಲೂ ಕೆ-ಟೆಲ್ ಬಳಿ ‘ಹುಕ್ಡ್ ಆನ್ ಕ್ಲಾಸಿಕ್ಸ್’ ಎಂಬ ಭರ್ಜರಿ ಗೆಲುವಿತ್ತು. ಲಂಡನ್ನಿನ ರಾಯಲ್ ಫಿಲ್‌ಹಾರ್ಮೋನಿಕ್ ವಾದ್ಯವೃಂದ ಮೊಜಾರ್ಟ್, ಬೀಥೋವನ್, ಚೈಕೋವ್‌ಸ್ಕಿಯವರ ಜನಪ್ರಿಯ ತುಣುಕುಗಳನ್ನು ಒಂದರ ಹಿಂದೊಂದು ನುಡಿಸುತ್ತದೆ, ಕೆಳಗೆ ಡ್ರಮ್ ಯಂತ್ರದ ಡಿಸ್ಕೋ ತಾಳ. ಶಾಸ್ತ್ರೀಯ ಸಂಗೀತ ಪ್ರಿಯರು ಕಿವಿ ಮುಚ್ಚಿಕೊಂಡರು. ಅದರ ಸಿಂಗಲ್ (ಬಿಡಿಯಾಗಿ ಮಾರುವ ಸಣ್ಣ ರೆಕಾರ್ಡು) ಬ್ರಿಟನ್ನಿನಲ್ಲಿ ಎರಡನೇ ಸ್ಥಾನ, ಅಮೆರಿಕದಲ್ಲಿ ಹತ್ತನೇ ಸ್ಥಾನ ತಲುಪಿತು. ಆಲ್ಬಂ ಹತ್ತಾರು ಲಕ್ಷಗಳಲ್ಲಿ ಹೋಯಿತು. ಜನರ ಬಾಯಿರುಚಿ ಹಿಡಿಯುವ ಕಲೆ ಕಂಪನಿಗೆ ಮರೆತಿರಲಿಲ್ಲ.

ಪೆಟ್ಟು ಬಿದ್ದದ್ದು ಬೇರೆ ಕಡೆ. ಕೈಯಲ್ಲಿ ಓಡಾಡುತ್ತಿದ್ದ ದುಡ್ಡನ್ನು ಕೀವಿಸ್ ಆ ಹೊತ್ತಿಗೆ ಎಣ್ಣೆ ಮತ್ತು ಅನಿಲದ ಶೋಧ, ಜಮೀನು ಹಾಗೂ ಕಟ್ಟಡಗಳ ಮೇಲೆ ಹೂಡಿದ್ದರು. 1970ರ ದಶಕದ ಕೊನೆಯಲ್ಲಿ ಎಣ್ಣೆಯ ಬೆಲೆ ಆಕಾಶಕ್ಕೇರಿತ್ತು, ಪಶ್ಚಿಮ ಕೆನಡಾದಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಆದರೆ ಬಾವಿ ಕೊರೆಯುವವನಿಗೆ ವಾರದ ಕೊನೆಯ ಲೆಕ್ಕವಿಲ್ಲ. ಭೂಗರ್ಭ ಸಮೀಕ್ಷೆ, ಗುತ್ತಿಗೆ, ಕೊರೆತ, ಪೈಪು, ಇಷ್ಟಾದ ಮೇಲೂ ಎಣ್ಣೆ ಸಿಕ್ಕರೆ ಸಿಕ್ಕಿತು. ಜಮೀನೂ ಹಾಗೇ, ಬೇಡವೆನಿಸಿದ ದಿನ ಕೈಬಿಡಲು ಬರುವುದಿಲ್ಲ. ಮುನ್ನೂರಕ್ಕೆ ನಿಂತರೆ ಜಾಹೀರಾತು ನಿಲ್ಲಿಸಿ ಎದ್ದು ಹೋಗುವ ಸ್ವಾತಂತ್ರ್ಯ ಈ ಎರಡರಲ್ಲೂ ಇಲ್ಲ.

ಅದೇ ಹೊತ್ತಿಗೆ ಉತ್ತರ ಅಮೆರಿಕದ ಬಡ್ಡಿ ದರ ಹಿಂದೆಂದೂ ಕಾಣದ ಎತ್ತರಕ್ಕೆ ಹೋಯಿತು. ಹಣದುಬ್ಬರಕ್ಕೆ ಕಡಿವಾಣ ಹಾಕಲು ಕೇಂದ್ರೀಯ ಬ್ಯಾಂಕುಗಳು ಪಟ್ಟು ಬಿಗಿಮಾಡಿದ್ದವು. 1981ರಲ್ಲಿ ಅಮೆರಿಕ, ಕೆನಡಾ ಎರಡೂ ಕಡೆ ಅತ್ಯುತ್ತಮ ಗಿರಾಕಿಗಳಿಗೆ ಬ್ಯಾಂಕು ಕೊಡುವ ಸಾಲಕ್ಕೇ ಶೇ. 20 ಮೀರಿದ ಬಡ್ಡಿ. ಹಿಂದೆಯೇ ಆರ್ಥಿಕ ಹಿಂಜರಿತ ಬಂತು, ಎಣ್ಣೆಯ ಬೆಲೆ ಇಳಿಯತೊಡಗಿತು, ಜಮೀನು ಕೇಳುವವರಿಲ್ಲವಾಯಿತು. ನಾಲ್ಕು ತಿಂಗಳಲ್ಲಿ ದುಡ್ಡು ಮಗುಚುವವನಿಗೆ ಶೇ. 20ರ ಬಡ್ಡಿ ಕಹಿಯಾದರೂ ನುಂಗಬಹುದಾದದ್ದು. ಐದು ವರ್ಷ ಕಾಯಬೇಕಾದವನಿಗೆ ಅದು ಅಸಲನ್ನೇ ನುಂಗುತ್ತದೆ.

ಇತ್ತ ರೆಕಾರ್ಡಿನ ಕಡೆಯೂ ನೆಲ ಕುಸಿಯುತ್ತಿತ್ತು. ರೆಕಾರ್ಡ್ ವ್ಯಾಪಾರದಲ್ಲಿ ಮಾರಿ ಹೋಗದ ಪ್ರತಿಗಳನ್ನು ಅಂಗಡಿಯವರು ಹಿಂದಿರುಗಿಸುವ ಪದ್ಧತಿ. ಟಿವಿ ಜಾಹೀರಾತಿನ ಬಲದಿಂದ ಮಳಿಗೆಗಳಿಗೆ ರಾಶಿ ರಾಶಿ ಕಳಿಸಿದ ಸರಕು, ಅಬ್ಬರ ಇಳಿದ ಮೇಲೆ ಅಷ್ಟೇ ರಾಶಿಯಾಗಿ ವಾಪಸ್ ಬರಬಹುದು. ಮೇಲಾಗಿ, ಸಿಪ್ಪೆಯಲ್ಲೂ ರಸವಿದೆ ಎಂದು ಮೂಲ ಕಂಪನಿಗಳಿಗೆ ತೋರಿಸಿಕೊಟ್ಟವರೇ ಕೆ-ಟೆಲ್‌ನವರು. 1983ರ ನವೆಂಬರಿನಲ್ಲಿ ಇಎಂಐ ಮತ್ತು ವರ್ಜಿನ್ ಎಂಬ ರೆಕಾರ್ಡ್ ಕಂಪನಿಗಳು ಕೈಜೋಡಿಸಿ ಬ್ರಿಟನ್ನಿನಲ್ಲಿ ‘ನೌ’ ಸಂಕಲನ ಸರಣಿ ಆರಂಭಿಸಿದವು: ತಮ್ಮದೇ ಹೊಸ ಹಿಟ್‌ಗಳು, ಎರಡು ರೆಕಾರ್ಡುಗಳ ಜೋಡಿ, ಒಳ್ಳೆಯ ದನಿ, ಜೊತೆಗೆ ಟಿವಿ ಜಾಹೀರಾತು. ಹಾಡಿನ ಒಡೆಯನೇ ಸಂಕಲನದ ಅಂಗಡಿ ತೆರೆದ ಮೇಲೆ ಹೊರಗಿನವನಿಗೆ ತಾಜಾ ಹಾಡು ಯಾಕೆ ಕೊಡುತ್ತಾನೆ? ಪೋಪೀಲ್‌ಗಳು ಚಾಕು ನಿಲ್ಲಿಸಿದಾಗ ಆದದ್ದೇ ಮತ್ತೆ ಆಯಿತು. ಈ ಸಲ ಕೈಯಲ್ಲಿ ಇನ್ನೊಂದು ಬ್ರಷ್ ಇರಲಿಲ್ಲ.

1984ರಲ್ಲಿ ಕೆ-ಟೆಲ್‌ನ ಅಮೆರಿಕದ ಕಂಪನಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಯಿತು. 1986ರಲ್ಲಿ ಕೆನಡಾದ ವ್ಯವಹಾರವನ್ನು ಬ್ಯಾಂಕು ಜಪ್ತಿ ಮಾಡಿತು. ವಿಧಿಯ ಅಣಕ ನೋಡಿ: ಅದೇ 1984ರಲ್ಲಿ ಅಮೆರಿಕದ ಸಂವಹನ ಆಯೋಗ ಟಿವಿ ಕೇಂದ್ರಗಳು ಗಂಟೆಗಿಷ್ಟೇ ನಿಮಿಷ ಜಾಹೀರಾತು ಹಾಕಬೇಕೆಂಬ ಮಿತಿಯನ್ನು ತೆಗೆದುಹಾಕಿತು. ಅರ್ಧ ಗಂಟೆಯ ಜಾಹೀರಾತು ಕಾರ್ಯಕ್ರಮಗಳ ಕಾಲ ಶುರುವಾದದ್ದು ಆಗ. ವ್ಯಾಯಾಮದ ಯಂತ್ರ, ಜ್ಯೂಸ್ ಯಂತ್ರ, ಮೊಡವೆಯ ಕ್ರೀಮು, ಶ್ರೀಮಂತರಾಗುವ ಪಾಠ ಎಲ್ಲವೂ ತಡರಾತ್ರಿಯ ಅದೇ ಖಾಲಿ ಹೊತ್ತಿಗೆ ಮುಗಿಬಿದ್ದವು. ಐದು ನಿಮಿಷದಿಂದ ಆ ದಾರಿ ತೆರೆದವರು ಆಗ ಸಾಲಗಾರರ ಮುಂದೆ ಕೂತಿದ್ದರು.

ಎರಡನೇ ಸುತ್ತು

ಕೀವಿಸ್ ಕೈಕಟ್ಟಿ ಕೂರಲಿಲ್ಲ. ಸ್ವಂತ ದುಡ್ಡಿನಿಂದ ಕಂಪನಿಯನ್ನು ಮತ್ತೆ ಹಿಡಿತಕ್ಕೆ ತಂದುಕೊಂಡರು. 1990ರ ದಶಕದ ಬಹುಪಾಲು ಅದು ಹಳೆಯ ಹಾಡುಗಳ ಸಿಡಿ ಮಾರುವ, ಯಾರ ಗಮನಕ್ಕೂ ಬಾರದ ಸಣ್ಣ ಕಂಪನಿ.

ಆಮೇಲೆ 1998ರ ಏಪ್ರಿಲ್. ಇಂಟರ್‌ನೆಟ್ಟಿನಲ್ಲಿ ಸಂಗೀತ ಮಾರುವ ಅಂಗಡಿ ತೆರೆಯುತ್ತೇವೆ ಎಂದು ಕೆ-ಟೆಲ್ ಘೋಷಿಸಿತು. ಅಂಗಡಿ ತೆರೆದಿರಲಿಲ್ಲ, ಘೋಷಣೆಯಷ್ಟೇ. 7 ಡಾಲರಿನ ಆಸುಪಾಸಿನಲ್ಲಿ ಬಿದ್ದಿದ್ದ ಷೇರು ಸುಮಾರು ಒಂದು ತಿಂಗಳಲ್ಲಿ 70 ಡಾಲರ್ ದಾಟಿತು. ಮಾರುಕಟ್ಟೆಯಲ್ಲಿ ಓಡಾಡುತ್ತಿದ್ದ ಷೇರುಗಳೇ ಕಡಿಮೆ. ಬೆಲೆ ಬಿದ್ದೇ ಬೀಳುತ್ತದೆಂದು ಷೇರನ್ನು ಸಾಲವಾಗಿ ತಂದು ಮಾರಿದವರು, ಏರಿದಾಗ ಗಾಬರಿಯಲ್ಲಿ ತಿರುಗಿ ಕೊಳ್ಳಬೇಕಾಗಿ ಬಂದು ಬೆಂಕಿಗೆ ತುಪ್ಪ ಸುರಿದರು. ತಡರಾತ್ರಿಯ ಟಿವಿ ಮುಂದೆ ಬ್ರಷ್ ಕೊಂಡವನಿಗೂ ಈ ಷೇರು ಕೊಂಡವನಿಗೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಬ್ರಷ್ಷಿನಿಂದ ಕೊನೆಗೆ ಕೋಟಾದರೂ ಸ್ವಚ್ಛವಾಗುತ್ತಿತ್ತು.

ಅದೇ ವರ್ಷ ನವೆಂಬರಿನಲ್ಲಿ ನಿಜ ಹೊರಬಿತ್ತು: ಆಸ್ತಿ ಸಾಕಷ್ಟಿಲ್ಲದ ಕಾರಣ ಪಟ್ಟಿಯಿಂದ ತೆಗೆಯಬೇಕಾದೀತೆಂದು ಅಮೆರಿಕದ ಷೇರುಪೇಟೆ ನಾಸ್ಡಾಕ್ ಎಚ್ಚರಿಸಿತ್ತು. ಷೇರು ಕುಸಿಯಿತು, ಹೂಡಿಕೆದಾರರು ಮೊಕದ್ದಮೆ ಹೂಡಿದರು. ಕೆಳ ನ್ಯಾಯಾಲಯ ಅದನ್ನು ವಜಾ ಮಾಡಿತು, 2002ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಿ ಷೇರು ನಾಸ್ಡಾಕ್‌ನಿಂದ ಹೊರಬಿದ್ದಾಗಿತ್ತು, 2001ರಲ್ಲಿ ಅಮೆರಿಕದ ವಿತರಣಾ ಘಟಕ ದಿವಾಳಿಯಾಗಿತ್ತು. ಆನ್‌ಲೈನ್ ಅಂಗಡಿಯೂ ದುಡ್ಡು ಬೇಗ ತಿರುಗದ ವ್ಯಾಪಾರವೇ. ಅಲ್ಲಿ ಎದುರಿಗೆ ಇದ್ದುದು ವರ್ಷಗಟ್ಟಲೆ ನಷ್ಟ ತಡೆಯಬಲ್ಲ ಬಂಡವಾಳದ ಅಮೆಜಾನ್.

ಕೀವಿಸ್ 2016ರ ಏಪ್ರಿಲಿನಲ್ಲಿ, 87ನೇ ವಯಸ್ಸಿನಲ್ಲಿ, ವಿನಿಪೆಗ್‌ನಲ್ಲೇ ತೀರಿಕೊಂಡರು. ಆ ಹೊತ್ತಿಗೆ ಕಂಪನಿಯನ್ನು ಉಳಿಸಿದ್ದು ಚಾಕುವೂ ಅಲ್ಲ, ಎಣ್ಣೆಯೂ ಅಲ್ಲ. ಹಾಡಿನಲ್ಲಿ ಎರಡು ಹಕ್ಕುಗಳಿರುತ್ತವೆ: ರಚನೆಯ ಹಕ್ಕು ಒಂದು, ನಿರ್ದಿಷ್ಟ ಧ್ವನಿಮುದ್ರಣದ ಹಕ್ಕು, ಅಂದರೆ ಮಾಸ್ಟರ್, ಇನ್ನೊಂದು. ಮೂಲ ಮಾಸ್ಟರಿಗೆ ಲೈಸೆನ್ಸ್ ಸಿಗದಾಗ ಅಥವಾ ದುಬಾರಿಯಾದಾಗ, ಮೆರೆದು ಮರೆಗೆ ಸರಿದ ಗಾಯಕರನ್ನೇ ಸ್ಟುಡಿಯೋಗೆ ಕರೆಸಿ ಅದೇ ಹಾಡನ್ನು ಹೊಸದಾಗಿ ಹಾಡಿಸುವುದು ಈ ವ್ಯಾಪಾರದ ಹಳೇ ಉಪಾಯ, ಕೆ-ಟೆಲ್ ಕೂಡ ಅದನ್ನು ಧಾರಾಳವಾಗಿ ಬಳಸಿತ್ತು. ಹಾಗೆ ಹಾಡಿಸಿದ್ದರ ಮಾಸ್ಟರ್ ಕೆ-ಟೆಲ್‌ನದೇ ಸ್ವತ್ತು. ಸಿನಿಮಾ, ಧಾರಾವಾಹಿ, ಜಾಹೀರಾತಿನವರು ಹಳೆಯ ಹಾಡಿನ ಒಂದು ತುಣುಕು ಬೇಕೆಂದಾಗ ಕಂಪನಿ ಲೈಸೆನ್ಸ್ ಕೊಟ್ಟು ದುಡ್ಡು ಪಡೆಯುತ್ತದೆ, ಡಿಜಿಟಲ್ ಸ್ಟ್ರೀಮಿಂಗ್‌ನಿಂದಲೂ ಪಡೆಯುತ್ತದೆ. ಸ್ವಲ್ಪ ಸ್ವಲ್ಪವೇ, ಆದರೆ ವರ್ಷಗಟ್ಟಲೆ. ಲಕೋಟೆಯ ಮೇಲಿನ ಮಾತಿನ ಅರ್ಧ ಈಗಲೂ ನಿಜ: ತಾರೆಯರು ಮೂಲದವರೇ.